ಉಬ್ಬಸ ಮತ್ತು ಶ್ವಾಸೌಷಧ: ಮುಂಬಯಿ ನಗರ ಹಾಗೂ ಉಪನಗರಗಳಲ್ಲಿ

ನುಂಗಿದ ಗುಳಿಗೆಯ ಹಾಗೆ ಜಠರವನ್ನೂ ರಕ್ತವನ್ನೂ ಬಳಸಿಕೊಂಡು ಹೋಗದೆ, ಉಸಿರಿನ ಜೊತೆಯಲ್ಲಿಯೇ ಸೂಕ್ಷ್ಮವಾದ ತುಂತುರಾಗಿಯೋ ನುಣ್ಣನೆಯ ಪುಡಿಯಾಗಿಯೋ ಶ್ವಾಸನಾಳಗಳನ್ನು ನೇರವಾಗಿ ಸೇರತಕ್ಕ ಔಷಧಗಳಿಗೆ ಶ್ವಾಸೌಷಧಗಳೆಂದು ಹೆಸರು. ಉಬ್ಬಸವೆಂದೂ ಗೂರಲೆಂದೂ ದಮ್ಮೆಂದೂ ಕನ್ನಡಿಗರು ಕರೆಯುವ ಅಸ್ತಮಾ ವ್ಯಾಧಿಗೆ ಇವು ಇಂದು ಪ್ರಧಾನ ಚಿಕಿತ್ಸೆಯಾಗಿವೆ. ಧೂಮಪಾನದಿಂದಲೋ ಸೌದೆಯೊಲೆಯ ಹೊಗೆಯಿಂದಲೋ ಹಲವು ವರ್ಷಗಳಲ್ಲಿ ಒಳಗೊಳಗೇ ಬೆಳೆದು ನಡುವಯಸ್ಸು ದಾಟಿದ ಮೇಲೆ ಪ್ರಕಟವಾಗುವ ದೀರ್ಘಕಾಲದ ಶ್ವಾಸಾವರೋಧಕ್ಕೂ ಇವುಗಳಲ್ಲಿಯೇ ಒಂದು ವರ್ಗ ಉಪಯುಕ್ತವಾಗಿದೆ. ಭಾರತದಲ್ಲಿ ಇಂಥ ಔಷಧದ ಪಂಪನ್ನು, ಅಂದರೆ ಇನ್‌ಹೇಲರನ್ನು, ಮೊದಲು ತಯಾರಿಸಿದ ನಗರ ಮುಂಬಯಿ. ಉಸಿರಾಟಕ್ಕೆ ಪ್ರತಿಕೂಲವಾದ ವಾಯುವನ್ನು ಬಹುಕಾಲದಿಂದ ಸೇವಿಸುತ್ತ ಬಂದ ನಗರವೂ ಅದೇ. ಹೀಗಿದ್ದರೂ ಅಲ್ಲಿ ಇಂದು ಕಾಣುವ ಕೊರತೆ ಔಷಧದ್ದೆನ್ನುವುದಕ್ಕಿಂತ ಔಷಧವನ್ನು ಸೇವಿಸುವ ಕ್ರಮದ್ದು ಎನ್ನಬೇಕಾಗಿದೆ. ಕೈಯಲ್ಲಿ ಪಂಪಿದ್ದೂ ಅದರೊಳಗಿನ ಮದ್ದು ಗಂಟಲಿನಿಂದಾಚೆಗೆ ಇಳಿಯದ ರೋಗಿಗಳನ್ನು ಅಲ್ಲಿನ ಎದೆರೋಗದ ವೈದ್ಯರು ದಿನವೂ ಕಾಣುತ್ತಾರೆ.

ಅಸ್ತಮಾದಲ್ಲಿ ಎರಡು ವಿಕಾರಗಳು ಒಟ್ಟಿಗೆ ನಡೆಯುತ್ತವೆ. ಶ್ವಾಸನಾಳಗಳ ಒಳಪೊರೆಯು ಉರಿಯೂತಕ್ಕೆ ಒಳಗಾಗಿ ಊದಿಕೊಂಡು ಅಂಟಾದ ಕಫವನ್ನು ಸ್ರವಿಸುವುದು ಒಂದು. ಆ ನಾಳಗಳನ್ನು ಸುತ್ತುವರಿದ ಸ್ನಾಯುಗಳು ಧೂಳು, ಹೊಗೆ, ಪರಾಗ, ನೆಗಡಿ, ತಣ್ಣನೆಯ ಗಾಳಿ, ಓಟದ ಶ್ರಮ ಇವುಗಳಲ್ಲಿ ಯಾವುದಾದರೊಂದನ್ನು ನೆವಮಾಡಿಕೊಂಡು ಥಟ್ಟನೆ ಬಿಗಿದುಕೊಳ್ಳುವುದು ಇನ್ನೊಂದು. ಮೊದಲನೆಯದು ಸದ್ದಿಲ್ಲದೆ ದಿನವೂ ಇರತಕ್ಕದ್ದು. ಎರಡನೆಯದು ರಾತ್ರಿಯ ಕಡೆಯ ಜಾವದಲ್ಲಿ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸತಕ್ಕದ್ದು. ಕಾಣುವ ಕಷ್ಟವೆಲ್ಲ ಎರಡನೆಯದರದೇ ಆದ ಕಾರಣ ಜನರು ಅದನ್ನೇ ರೋಗವೆಂದು ತಿಳಿದು, ಅದು ಅಡಗಿದೊಡನೆ ಗುಣವಾಯಿತೆಂದು ಭಾವಿಸುವುದು ಸಹಜವೇ ಸರಿ. ಈ ಲೇಖನದಲ್ಲಿ ಮುಂದೆ ವಿವರಿಸುವ ಅನರ್ಥಗಳಿಗೆ ಬಹುಮಟ್ಟಿಗೆ ಇದೇ ಮೂಲ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2019ರಲ್ಲಿ ಲೋಕದಲ್ಲಿ ಸುಮಾರು 26 ಕೋಟಿ ಜನರಿಗೆ ಅಸ್ತಮಾ ಇದ್ದು, ಆ ವರ್ಷ ಅದರಿಂದ 4 ಲಕ್ಷ 55 ಸಾವಿರ ಮಂದಿ ಮೃತರಾದರು. ಅದೇ ವರ್ಷದ ಜಾಗತಿಕ ರೋಗಭಾರದ ಅಧ್ಯಯನವು ಭಾರತದಲ್ಲಿ 3 ಕೋಟಿಗೂ ಮಿಕ್ಕು ರೋಗಿಗಳಿರುವರೆಂದು ಅಂದಾಜು ಮಾಡಿತು. ಲೋಕದ ರೋಗಿಗಳಲ್ಲಿ ಭಾರತದ ಪಾಲು ಶೇಕಡ 13ರಷ್ಟಾದರೆ ಮರಣಗಳಲ್ಲಿ ಶೇಕಡ 40ನ್ನು ಮೀರುವುದೆಂಬ ಆ ಅಧ್ಯಯನದ ಅನುಪಾತವು ಚಿಂತೆಗೆ ಅರ್ಹವಾದದ್ದು. ಇಲ್ಲಿ ರೋಗವು ಹೆಚ್ಚು ಕ್ರೂರವಾಗಿರುವುದೆಂದಲ್ಲ, ಚಿಕಿತ್ಸೆ ತಡವಾಗಿಯೂ ತಪ್ಪಾಗಿಯೂ ನಡೆಯುತ್ತಿದೆಯೆಂದೇ ಅದರಿಂದ ಊಹಿಸಬೇಕಾಗುತ್ತದೆ.

ಮುಂಬಯಿಯ ವಾಯುಗುಣವನ್ನು ಕುರಿತು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಪರೇಲ್, ಲಾಲ್‌ಬಾಗ್, ವರಳಿ ಭಾಗಗಳಲ್ಲಿ ಎದ್ದುನಿಂತ ಹತ್ತಿಯ ಗಿರಣಿಗಳು ತಮ್ಮ ಚಿಮಣಿಗಳಿಂದ ಊರಿನ ಮೇಲೆ ಹೊಗೆಯನ್ನೂ, ನೂಲುವ ಕೋಣೆಗಳೊಳಗೆ ಹತ್ತಿಯ ಧೂಳನ್ನೂ ಏಕಕಾಲದಲ್ಲಿ ಹರಡಿದವು. ವಾರದ ರಜೆಯ ಮರುದಿನ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುವ, ಬಿಸಿನೋಸಿಸ್ ಎಂದು ವೈದ್ಯರು ಕರೆಯುವ ಗಿರಣಿಕಾರ್ಮಿಕರ ವ್ಯಾಧಿಗೆ ಆ ಧೂಳೇ ಕಾರಣ. 1982ರ ಜನವರಿಯಲ್ಲಿ ಮೊದಲಾದ ಮಹಾ ಮುಷ್ಕರದ ತರುವಾಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹಳೆಯ ಕಾರ್ಮಿಕರ ಶ್ವಾಸಕೋಶಗಳು ಮಾತ್ರ ಆ ಕಾಲದ ಸಾಕ್ಷ್ಯವನ್ನು ಹೊತ್ತುಕೊಂಡೇ ಉಳಿದವು. ಇತ್ತ ಪೂರ್ವದ ಕಡೆ ಚೆಂಬೂರು, ಮಾಹುಲ್, ಟ್ರಾಂಬೆಗಳಲ್ಲಿ 1950ರ ದಶಕದಿಂದೀಚೆಗೆ ತೈಲ ಶುದ್ಧೀಕರಣದ ಸ್ಥಾವರಗಳೂ, ವಿದ್ಯುದಾಗಾರವೂ, ರಾಸಾಯನಿಕ ಗೊಬ್ಬರದ ಕಾರ್ಖಾನೆಯೂ ಒಂದರ ಬಳಿಯಲ್ಲೊಂದು ಬಂದು ನೆಲಸಿದವು. ಆ ಭಾಗಕ್ಕೆ ‘ಗ್ಯಾಸ್ ಚೇಂಬರ್’ ಎಂಬ ಕುಹಕದ ಹೆಸರನ್ನು ಜನರೇ ಇಟ್ಟರು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಎದೆರೋಗ ವಿಭಾಗದ ಡಾ. ಎಸ್. ಆರ್. ಕಾಮತ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದ ಕೊನೆಯಲ್ಲಿ ಲಾಲ್‌ಬಾಗ್, ಚೆಂಬೂರು, ಖಾರ್ ಎಂಬ ಮೂರು ನಗರಪ್ರದೇಶಗಳ ನಿವಾಸಿಗಳನ್ನು ಒಂದು ಗ್ರಾಮದ ನಿವಾಸಿಗಳೊಂದಿಗೆ ಹೋಲಿಸಿ, ವಾಯುಮಾಲಿನ್ಯಕ್ಕೂ ಶ್ವಾಸದ ತೊಂದರೆಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಿದರು. ಭಾರತದಲ್ಲಿ ಈ ಬಗೆಯ ಕ್ರಮಬದ್ಧ ಶೋಧಗಳಲ್ಲಿ ಅದು ಮೊದಮೊದಲಿನದು. ಮಾಹುಲ್ ಮತ್ತು ಅಂಬಾಪಾಡಾಗಳ ವಾಯುವನ್ನು ಕೆಡಿಸಿದ್ದಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2020ರಲ್ಲಿ ನಾಲ್ಕು ಕಂಪನಿಗಳ ಮೇಲೆ ಒಟ್ಟು 286 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು.

ಸಮುದ್ರದ ಗಾಳಿ ಬೀಸುವ ಊರಾದ್ದರಿಂದ ಮುಂಬಯಿ ಬಹುಕಾಲ ತನ್ನ ಹೊಗೆಯನ್ನು ಕಡಲಿನ ಕೃಪೆಯಿಂದ ಕಳೆದುಕೊಳ್ಳುತ್ತ ಬಂದಿತು. ನವೆಂಬರಿನಿಂದ ಫೆಬ್ರುವರಿಯವರೆಗೆ ಆ ಗಾಳಿ ಮಂದವಾಗಿ, ನೆಲದ ಬಳಿಯ ತಂಪು ವಾಯುವಿನ ಮೇಲೆ ಬೆಚ್ಚನೆಯ ಪದರ ಕವಿದುಕೊಂಡಾಗ ಕಟ್ಟಡಕಾಮಗಾರಿಯ ಧೂಳೂ ವಾಹನಗಳ ಹೊಗೆಯೂ ಕೆಳಗೇ ನಿಲ್ಲುತ್ತವೆ. ದೀಪಾವಳಿಯ ಪಟಾಕಿಗಳು ಸರಿಯಾಗಿ ಈ ಋತುವಿನ ಬಾಗಿಲಲ್ಲಿಯೇ ಸಿಡಿಯುತ್ತವೆ. 2023ರ ಅಕ್ಟೋಬರಿನಲ್ಲಿ ಮಹಾನಗರಪಾಲಿಕೆ ಕಟ್ಟಡಗಳ ಧೂಳನ್ನು ತಡೆಯಲು ನಿಯಮಗಳನ್ನು ಹೊರಡಿಸಿತು. 2025ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸೌದೆ ಮತ್ತು ಇದ್ದಿಲಿನ ಬೇಕರಿಗಳು ಆರು ತಿಂಗಳೊಳಗೆ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಆಜ್ಞಾಪಿಸಿತು. ಮಳೆಗಾಲದ ಕಥೆ ಬೇರೆ. ಆಗ ಹೊರಗಿನ ಗಾಳಿ ತೊಳೆದಂತಾಗಿ, ಚಾಳುಗಳ ಒಳಗೋಡೆಗಳು ತೇವದಿಂದ ಕಪ್ಪಾಗಿ, ಬೂಷ್ಟೂ ಹಾಸಿಗೆಯ ಧೂಳಿನ ಕಣ್ಣಿಗೆ ಕಾಣದ ನುಸಿಗಳೂ ವೃದ್ಧಿಯಾಗುತ್ತವೆ. ಹೊಗೆಯಿಂದ ಪಾರಾದವನು ಬೂಷ್ಟಿಗೆ ಸಿಕ್ಕಿಬೀಳುತ್ತಾನೆ. ಮಾಟುಂಗ, ಫೋರ್ಟ್, ಅಂಧೇರಿಗಳಲ್ಲಿ ದಕ್ಷಿಣ ಕನ್ನಡದವರು ಕಟ್ಟಿ ಬೆಳೆಸಿದ ಉಡುಪಿ ಹೋಟೆಲುಗಳ ಅಡುಗೆಮನೆಗಳನ್ನೂ ಇಲ್ಲಿ ನೆನೆಯಬೇಕು. ಗ್ಯಾಸಿನ ಒಲೆ ಬರುವುದಕ್ಕೆ ಮೊದಲು ಕಲ್ಲಿದ್ದಲ ಭಟ್ಟಿಯ ಮುಂದೆ ನಿಂತು, ಒಣಮೆಣಸಿನ ಒಗ್ಗರಣೆಯ ಘಾಟನ್ನು ಕುಡಿದು, ರಾತ್ರಿ ಅದೇ ಹೋಟೆಲಿನ ಮೇಜುಗಳ ಮೇಲೆ ಮಲಗುತ್ತಿದ್ದ ಹುಡುಗರು ಹಿಡಿದ ಕೆಮ್ಮನ್ನು ‘ಊರಿಗೆ ಹೋದರೆ ಹೋಗುತ್ತದೆ’ ಎಂದುಕೊಂಡೇ ವಯಸ್ಸನ್ನು ಕಳೆದರು.

ದಾದರಿನ ಕಬೂತರ್‌ಖಾನೆಯ ವಿಷಯವಾಗಿ 2025ರಲ್ಲಿ ಎದ್ದ ವಾದವಿವಾದಗಳಲ್ಲಿ ಪಾರಿವಾಳದ ಹಿಕ್ಕೆಯಿಂದ ಅಸ್ತಮಾ ಬರುತ್ತದೆಂಬ ಮಾತು ಬಹಳವಾಗಿ ಕೇಳಿಬಂದಿತು. ಪಕ್ಷಿಗಳ ಗರಿ ಮತ್ತು ಹಿಕ್ಕೆಯ ಧೂಳು ಅಸ್ತಮಾವನ್ನು ಕೆರಳಿಸಬಲ್ಲುದು ನಿಜ. ಆದರೆ ಅದರಿಂದ ಉಂಟಾಗುವ ಹೆಚ್ಚಿನ ಭಯದ ವ್ಯಾಧಿಯು ಶ್ವಾಸಕೋಶದ ಅಂಗಾಂಶವೇ ಗಟ್ಟಿಯಾಗುತ್ತ ಹೋಗುವ ಬೇರೊಂದು ರೋಗ. ಅದನ್ನು ಉಬ್ಬಸದ ಪಂಪಿನಿಂದ ಗುಣಪಡಿಸಲಾಗದು. ಹೃದಯದ ದೌರ್ಬಲ್ಯದಿಂದಲೂ, ಕ್ಷಯದಿಂದಲೂ, ರಕ್ತಹೀನತೆಯಿಂದಲೂ ಏದುಸಿರು ಬರುವುದುಂಟು. ಆದಕಾರಣ ಪಕ್ಕದ ಮನೆಯವರ ಪಂಪನ್ನು ಎರವಲು ತಂದು ಪ್ರಯೋಗಿಸುವುದಕ್ಕೆ ಮೊದಲು, ಊದುವ ಯಂತ್ರದಿಂದ ಶ್ವಾಸದ ಬಲವನ್ನು ಅಳೆಯುವ ಪರೀಕ್ಷೆಯನ್ನು ಒಮ್ಮೆ ಮಾಡಿಸಿಕೊಂಡು ರೋಗವಾವುದೆಂದು ನಿಶ್ಚಯಿಸಿಕೊಳ್ಳುವುದು ಮೊದಲ ಕರ್ತವ್ಯ. ಕೆ.ಇ.ಎಂ., ನಾಯರ್, ಶೀವದ ಲೋಕಮಾನ್ಯ ತಿಲಕ್ ಮೊದಲಾದ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿಯೂ ಸರಕಾರದ ಜೆ.ಜೆ. ಆಸ್ಪತ್ರೆಯಲ್ಲಿಯೂ ಇದಕ್ಕೆ ಅನುಕೂಲವಿದೆ.

ಔಷಧವನ್ನು ಉಸಿರಿನ ಮೂಲಕ ಕೊಡುವುದು ಹೊಸ ಕಲ್ಪನೆಯೇನಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ತಮಕಶ್ವಾಸವನ್ನು, ಅದರಲ್ಲಿ ರೋಗಿಯು ಮಲಗಲಾರದೆ ಕುಳಿತಿದ್ದರೆ ಸುಖಪಡುವನೆಂಬ ಸೂಕ್ಷ್ಮ ಲಕ್ಷಣದೊಂದಿಗೆ ವರ್ಣಿಸಿ, ಅರಿಶಿನ, ಔಡಲದ ಬೇರು ಮೊದಲಾದವುಗಳಿಂದ ಮಾಡಿದ ಬತ್ತಿಯ ಧೂಮವನ್ನು ವಿಧಿಸುತ್ತದೆ. ದತ್ತೂರಿಯ ಹೊಗೆಯು ಶ್ವಾಸಕ್ಕೆ ಒಳ್ಳೆಯದೆಂಬ ನಮ್ಮ ದೇಶದ ತಿಳಿವಳಿಕೆಯನ್ನು 1802ರಲ್ಲಿ ಮದರಾಸಿನಿಂದ ಜನರಲ್ ಜೆಂಟ್ ಎಂಬ ಸೈನ್ಯಾಧಿಕಾರಿ ಬ್ರಿಟನ್ನಿಗೆ ಒಯ್ದ ಮೇಲೆ, ಆ ಶತಮಾನದಲ್ಲಿ ಯುರೋಪಿನಲ್ಲಿ ದತ್ತೂರಿಯ ‘ಅಸ್ತಮಾ ಸಿಗರೇಟು’ಗಳು ಮಾರಾಟವಾದವು. ಅದರಲ್ಲಿನ ಅಟ್ರೊಪಿನ್ ಜಾತಿಯ ಕ್ಷಾರಗಳು ಶ್ವಾಸನಾಳವನ್ನು ಸಡಿಲಿಸುತ್ತವೆಂಬುದು ಸತ್ಯ. ಪ್ರಮಾಣ ಮೀರಿದರೆ ಚಿತ್ತಭ್ರಮೆಯನ್ನೂ ಮರಣವನ್ನೂ ತರುತ್ತವೆಂಬುದೂ ಅಷ್ಟೇ ಸತ್ಯ. ಆ ಗುಣವನ್ನುಳಿಸಿ ದೋಷವನ್ನು ಬಹುಮಟ್ಟಿಗೆ ಕಳೆದು ರಚಿಸಿದ ಇಪ್ರಟ್ರೋಪಿಯಂ ಇಂದು ಪಂಪಿನಲ್ಲಿಯೇ ದೊರೆಯುವುದರಿಂದ, ದತ್ತೂರಿಯ ಸೊಪ್ಪನ್ನು ಸುಟ್ಟು ಹೊಗೆ ಹಿಡಿಯುವ ಸಾಹಸ ಈಗ ಅನಾವಶ್ಯಕ. ಬಿಸಿನೀರಿನ ಹಬೆಯೂ ಕಟ್ಟಿದ ಮೂಗಿಗೆ ಹಿತವೇ ಹೊರತು ಬಿಗಿದ ಶ್ವಾಸನಾಳಕ್ಕಲ್ಲ. ಪಾತ್ರೆ ಮಗುಚಿ ಮೈ ಬೆಂದ ಮಕ್ಕಳು ಆಸ್ಪತ್ರೆಗೆ ಬರುವುದು ಅಪರೂಪವೇನಲ್ಲ.

ಇಂದಿನ ಪಂಪಿನ ಹುಟ್ಟು ಅಮೆರಿಕದ್ದು. ರೈಕರ್ ಪ್ರಯೋಗಶಾಲೆಯ ಮುಖ್ಯಸ್ಥ ಜಾರ್ಜ್ ಮೇಸನ್ನನ ಮಗಳು, ಆಗಾಗ ಒಡೆಯುವ ಗಾಜಿನ ಸಿಂಪಡಣೆಯ ಬುರುಡೆಯಿಂದ ಬೇಸತ್ತು, ಕೂದಲಿಗೆ ಹೊಡೆದುಕೊಳ್ಳುವ ಡಬ್ಬಿಯಲ್ಲಿ ತನ್ನ ಔಷಧವನ್ನು ಏಕೆ ತುಂಬಬಾರದೆಂದು ಕೇಳಿದಳಂತೆ. 1956ರಲ್ಲಿ ಒತ್ತಿದೊಡನೆ ನಿಯತ ಪ್ರಮಾಣವನ್ನು ಮಾತ್ರ ಚಿಮ್ಮಿಸುವ ಪಂಪು ಪೇಟೆಗೆ ಬಂದಿತು. ಆರಂಭದ ಪಂಪುಗಳಲ್ಲಿದ್ದ ಐಸೊಪ್ರೆನಲಿನ್ ಶ್ವಾಸನಾಳವನ್ನು ಬಿಡಿಸುವುದರ ಜೊತೆಗೆ ಹೃದಯವನ್ನೂ ಕೆರಳಿಸುತ್ತಿತ್ತು. ಅದರ ಪ್ರಬಲ ರೂಪದ ಬಳಕೆ ಹೆಚ್ಚಿದ 1960ರ ದಶಕದಲ್ಲಿಯೇ ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಅಸ್ತಮಾದ ಮರಣಗಳೂ ಏರಿದವು. ಪಂಪು ಪ್ರಾಣಕ್ಕೆ ಅಪಾಯವೆಂದು ನಮ್ಮ ಹಿರಿಯರಲ್ಲಿ ಕೆಲವರು ಹೇಳುವ ಮಾತಿಗೆ ಪ್ರಾಯಶಃ ಆ ಕಾಲದ ದೂರದ ಪ್ರತಿಧ್ವನಿಯೂ ಸೇರಿರಬಹುದು. ಡೇವಿಡ್ ಜ್ಯಾಕನ ನೇತೃತ್ವದಲ್ಲಿ ಗ್ಲ್ಯಾಕ್ಸೊ ಸಮೂಹದ ಅಲೆನ್ ಅಂಡ್ ಹ್ಯಾನ್‌ಬರೀಸ್ ಸಂಸ್ಥೆಯು 1969ರಲ್ಲಿ ಹೊರತಂದ ಸಾಲ್ಬುಟಮಾಲ್, ಹೃದಯವನ್ನು ಬಹುಮಟ್ಟಿಗೆ ಬಿಟ್ಟು ಶ್ವಾಸನಾಳದ ಮೇಲೆಯೇ ವರ್ತಿಸತಕ್ಕದ್ದು. 1972ರಲ್ಲಿ ಅದೇ ಮೂಲದಿಂದ ಬಂದ ಬೆಕ್ಲೊಮೆಥಸೋನ್ ಉರಿಯೂತವನ್ನು ಶಮನಗೊಳಿಸುವ ಸ್ಟೀರಾಯ್ಡ್ ಪಂಪು. ಇವೆರಡಕ್ಕೂ ತುಸು ಮೊದಲಿನ ಇನ್ನೊಂದು ಶೋಧ ರೋಜರ್ ಅಲ್ಟೌನ್ಯನ್ ಎಂಬ ವೈದ್ಯನದು. ತಾನೇ ಉಬ್ಬಸದ ರೋಗಿಯಾಗಿದ್ದ ಆತ ಗಿನಿಯಿಲಿಯ ಕೂದಲಿನ ಸಾರವನ್ನು ಮೂಸಿ ತನ್ನಲ್ಲಿಯೇ ರೋಗವನ್ನು ಕೆರಳಿಸಿಕೊಂಡು ಒಂದೊಂದೇ ಔಷಧವನ್ನು ಪರೀಕ್ಷಿಸುತ್ತ, ಕ್ರೊಮೊಗ್ಲೈಕೇಟನ್ನೂ ಅದರ ಪುಡಿಯನ್ನು ಉಸಿರಿನ ಬಲದಿಂದಲೇ ತಿರುಗಿಸಿ ಹಾರಿಸುವ ಸಾಧನವನ್ನೂ ಲೋಕಕ್ಕೆ ಕೊಟ್ಟನು; ಯುದ್ಧವಿಮಾನಗಳನ್ನು ಹಾರಿಸಿದ್ದವನಾದ್ದರಿಂದ ವಿಮಾನದ ರೆಕ್ಕೆಯ ತಿರುಗಣಿ ಅವನಿಗೆ ಮಾದರಿಯಾಯಿತು.

ಮುಂಬಯಿಯ ಬೆಲ್ಲಾಸಿಸ್ ರಸ್ತೆಯಲ್ಲಿ ನೆಲಸಿದ್ದ ಸಿಪ್ಲಾ ಸಂಸ್ಥೆಯನ್ನು ಖ್ವಾಜಾ ಅಬ್ದುಲ್ ಹಮೀದ್ ಎಂಬ ರಸಾಯನಶಾಸ್ತ್ರಜ್ಞರು 1935ರಲ್ಲಿ ಸ್ಥಾಪಿಸಿದರು. 1939ರ ಜುಲೈಯಲ್ಲಿ ಗಾಂಧೀಜಿ ಅದನ್ನು ಸಂದರ್ಶಿಸಿದ್ದುಂಟು. ಅನ್ಯದೇಶದ ಹೊಸ ಔಷಧವೊಂದನ್ನು ಇಲ್ಲಿ ತಯಾರಿಸಲು ಬ್ರಿಟಿಷರ ಕಾಲದ ಪೇಟೆಂಟ್ ಕಾನೂನು ಬಹುಕಾಲ ಅಡ್ಡವಾಗಿತ್ತು. 1970ರಲ್ಲಿ ಅಂಗೀಕೃತವಾಗಿ 1972ರಲ್ಲಿ ಜಾರಿಗೆ ಬಂದ ಹೊಸ ಕಾನೂನು, ಔಷಧವಸ್ತುವಿಗಲ್ಲದೆ ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟನ್ನು ಮನ್ನಿಸಿದ್ದರಿಂದ, ಬೇರೊಂದು ವಿಧಾನವನ್ನು ಕಂಡುಕೊಂಡವರಿಗೆ ಅದೇ ಔಷಧವನ್ನು ಅಗ್ಗವಾಗಿ ತಯಾರಿಸುವ ದಾರಿ ತೆರೆಯಿತು. ಹಮೀದರ ಮಗ ಯೂಸುಫ್ ಹಮೀದ್ ಆ ಕಾನೂನಿಗಾಗಿ ವಾದಿಸಿದವರಲ್ಲಿ ಪ್ರಮುಖರು. 1978ರಲ್ಲಿ ಸಿಪ್ಲಾ ಭಾರತದ ಮೊದಲ ಔಷಧದ ಪಂಪನ್ನು ಹೊರತಂದಿತು. ಅದರ ಸಾಲ್ಬುಟಮಾಲಿನ ‘ಅಸ್ತಾಲಿನ್’ ಎಂಬ ಹೆಸರು ಮುಂಬಯಿಯ ಮೆಡಿಕಲ್ ಅಂಗಡಿಗಳಲ್ಲಿ ಇಂದು ಔಷಧದ ಹೆಸರಾಗಿಯೇ ನಡೆಯುತ್ತದೆ. ತುಂಬಿದ ಪಂಪಿನ ಬೆಲೆ ಒಮ್ಮೆಗೇ ತೆರಲಾಗದವರಿಗೆ, ಪುಡಿ ತುಂಬಿದ ಕ್ಯಾಪ್ಸೂಲುಗಳೂ ಅವುಗಳನ್ನು ಬಿಡಿಸುವ ರೋಟಾಹೇಲರ್ ಎಂಬ ಪ್ಲಾಸ್ಟಿಕ್ ಸಾಧನವೂ ಅನುಕೂಲವಾಗಿ ಪರಿಣಮಿಸಿದವು. ಹಳೆಯ ಪಂಪುಗಳಲ್ಲಿ ಔಷಧವನ್ನು ನೂಕುತ್ತಿದ್ದ ಅನಿಲವು ಓಝೋನ್ ಪದರಕ್ಕೆ ಮಾರಕವಾದದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ, ಭಾರತವೂ 1992ರಲ್ಲಿ ಅದನ್ನು ಸೇರಿದ ಮೇಲೆ, ಕ್ರಮೇಣ ಆ ಅನಿಲದ ಸ್ಥಾನದಲ್ಲಿ ಬೇರೆಯದು ಬಂದಿತು. ಸಾಲ್ಬುಟಮಾಲೂ ಬುಡೆಸೊನೈಡ್ ಎಂಬ ಸ್ಟೀರಾಯ್ಡೂ ರಾಷ್ಟ್ರದ ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವುದರಿಂದ ಅವುಗಳ ಬೆಲೆಗೆ ಸರಕಾರದ ಮಿತಿಯಿದೆ.

ಔಷಧವು ಉಸಿರಿನ ದಾರಿಯಲ್ಲಿ ಹೋಗುವುದರಿಂದ ಆಗುವ ಲಾಭವನ್ನು ಒಂದೇ ಲೆಕ್ಕದಿಂದ ತಿಳಿಯಬಹುದು. ಸಾಲ್ಬುಟಮಾಲಿನ ದೊಡ್ಡ ಗುಳಿಗೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ, ಅಂದರೆ ಅದರ ನಲವತ್ತರಲ್ಲಿ ಒಂದು ಭಾಗ. ಗುಳಿಗೆ ಅರ್ಧ ಗಂಟೆ ಕಳೆದ ಮೇಲೆ, ಕೈನಡುಕವನ್ನೂ ಎದೆಬಡಿತವನ್ನೂ ಜೊತೆಗೆ ತಂದು ಮಾಡುವ ಕೆಲಸವನ್ನು ಪಂಪು ಐದೇ ನಿಮಿಷಗಳಲ್ಲಿ ಆರಂಭಿಸುತ್ತದೆ. ಹೀಗಿದ್ದೂ ಗುಳಿಗೆ ಸೌಮ್ಯ, ಪಂಪು ಉಗ್ರ ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿ ಕೂತಿರುವುದು ಆಶ್ಚರ್ಯ. ಆದರೆ ಈ ಲಾಭವೆಲ್ಲ ಒಂದು ನಿಬಂಧನೆಗೆ ಒಳಪಟ್ಟದ್ದು. ಒಂದರಿಂದ ಐದು ಮೈಕ್ರಾನ್ ಗಾತ್ರದ ಕಣಗಳು ಮಾತ್ರ ಸಣ್ಣ ಶ್ವಾಸನಾಳಗಳವರೆಗೆ ಇಳಿಯುತ್ತವೆ. ಪಂಪಿನಿಂದ ಮಹಾವೇಗದಲ್ಲಿ ಹೊರಚಿಮ್ಮುವ ತುಂತುರಿನ ಬಹುಭಾಗ ನಾಲಗೆಗೂ ಗಂಟಲಿಗೂ ಬಡಿದು ಅಲ್ಲಿಯೇ ಅಂಟುತ್ತದೆ. ಚೆನ್ನಾಗಿ ಅಭ್ಯಾಸವಾದವನಿಗೂ ಶೇಕಡ ಹತ್ತಿಪ್ಪತ್ತಕ್ಕಿಂತ ಹೆಚ್ಚು ಶ್ವಾಸಕೋಶಕ್ಕೆ ಸೇರುವುದು ಕಷ್ಟ. ಅಭ್ಯಾಸವಿಲ್ಲದವನಿಗೆ ಸೇರುವುದು ಇಲ್ಲವೆನ್ನುವಷ್ಟು ಸ್ವಲ್ಪ.

ತುಂತುರಿನ ಪಂಪನ್ನು ಬಳಸುವ ಕ್ರಮ ಹೀಗಿದೆ. ಮುಚ್ಚಳವನ್ನು ತೆಗೆದು, ಬಾಯಿಗೆ ಇಡುವ ಭಾಗದಲ್ಲಿ ಕಸವೇನೂ ಇಲ್ಲವೆಂದು ನೋಡಿ, ಪಂಪನ್ನು ಚೆನ್ನಾಗಿ ಕುಲುಕಬೇಕು. ಹೊಸದಾದರೆ ಅಥವಾ ಹಲವು ದಿನ ಬಳಸದೆ ಇಟ್ಟದ್ದಾದರೆ, ಅದರ ಕಾಗದದಲ್ಲಿ ಹೇಳಿದಷ್ಟು ಸಲ ಗಾಳಿಗೆ ಒತ್ತಿ ವ್ಯಯಮಾಡಬೇಕು. ನೆಟ್ಟಗೆ ಕುಳಿತೋ ನಿಂತೋ, ಒಳಗಿನ ಉಸಿರನ್ನು ಮೆಲ್ಲನೆ ಪೂರ್ತಿ ಹೊರಬಿಟ್ಟು, ತುಟಿಗಳಿಂದ ಕೊಳವೆಯ ಬಾಯನ್ನು ಭದ್ರವಾಗಿ ಹಿಡಿದು, ಬಾಯಿಂದ ನಿಧಾನವಾಗಿ ಉಸಿರೆಳೆಯಲು ತೊಡಗಿದ ಕ್ಷಣದಲ್ಲಿಯೇ ಡಬ್ಬಿಯನ್ನು ಒತ್ತಿ, ಅನಂತರವೂ ಮೂರರಿಂದ ಐದು ಸೆಕೆಂಡುಗಳ ತನಕ ಎಳೆಯುತ್ತಲೇ ಇರಬೇಕು. ಆಮೇಲೆ ಎಣಿಸಿ ಹತ್ತು ಸೆಕೆಂಡು, ಸಾಧ್ಯವಾದಷ್ಟು, ಉಸಿರನ್ನು ಹಿಡಿದಿಟ್ಟರೆ ಕಣಗಳು ನೆಲೆಗೊಳ್ಳುತ್ತವೆ. ಎರಡನೆಯ ಒತ್ತು ಬೇಕಾದರೆ ಅರ್ಧ ನಿಮಿಷವಾದರೂ ಕಾದು, ಮತ್ತೆ ಕುಲುಕಿ, ಮೊದಲಿನಿಂದ ಆರಂಭಿಸಬೇಕು. ಇದರಲ್ಲಿ ಜನರು ಎಡವುವುದು ಬಹುತೇಕ ಒಂದೇ ಸ್ಥಳದಲ್ಲಿ: ಕೈಯ ಒತ್ತೂ ಬಾಯಿಯ ಎಳೆತವೂ ಒಂದುಗೂಡುವುದಿಲ್ಲ. ಒತ್ತಿ ಆದಮೇಲೆ ಎಳೆಯುವವರು, ಎಳೆದು ಮುಗಿದ ಮೇಲೆ ಒತ್ತುವವರು, ಮೂಗಿನಿಂದ ಎಳೆಯುವವರು, ಒಂದೇ ಉಸಿರಿಗೆ ಎರಡು ಮೂರು ಸಲ ಒತ್ತುವವರು, ಎಲ್ಲರೂ ಔಷಧ ತೆಗೆದುಕೊಂಡೆವೆಂಬ ಸಮಾಧಾನದಲ್ಲಿಯೇ ಇರುತ್ತಾರೆ. ಮುಚ್ಚಳ ತೆಗೆಯದೆ ಒತ್ತಿದವರ ಸಂಗತಿಯೂ ವೈದ್ಯರಿಗೆ ಪರಿಚಿತವೇ. ನಮ್ಮ ಔಷಧಾಲಯಗಳಲ್ಲಿ ಪಂಪಿನ ಚೀಟಿ ಬರೆಯಲು ಹಿಡಿಯುವಷ್ಟು ಕಾಲವನ್ನಾದರೂ ಅದನ್ನು ಬಳಸಿ ತೋರಿಸುವುದಕ್ಕೆ ಕೊಟ್ಟರೆ ಎಷ್ಟೋ ಹಣ, ಎಷ್ಟೋ ನಿದ್ದೆ ಉಳಿಯುತ್ತಿತ್ತು.

ಈ ತೊಡಕಿಗೆ ಸುಲಭವಾದ ಪರಿಹಾರ ಸ್ಪೇಸರ್ ಎಂಬ ಪೊಳ್ಳು ಕೊಳಗ. ಪಂಪನ್ನು ಅದರ ಒಂದು ತುದಿಗೆ ಸಿಕ್ಕಿಸಿ ಒತ್ತಿದಾಗ ತುಂತುರು ಒಳಗೇ ನಿಂತು, ದೊಡ್ಡ ಹನಿಗಳು ಕೊಳಗದ ಗೋಡೆಗೆ ಅಂಟಿ, ಸೂಕ್ಷ್ಮವಾದವು ಮಾತ್ರ ಇನ್ನೊಂದು ತುದಿಯಲ್ಲಿ ಬಾಯಿಟ್ಟವನ ಉಸಿರಿಗೆ ಸಿಗುತ್ತವೆ. ಒತ್ತು ಮತ್ತು ಎಳೆತಗಳ ಹೊಂದಾಣಿಕೆ ಬೇಕಾಗದ್ದರಿಂದ ಮಕ್ಕಳಿಗೂ ವೃದ್ಧರಿಗೂ ಇದು ಅತ್ಯಾವಶ್ಯಕ. ತೀರ ಎಳೆಯ ಮಕ್ಕಳಿಗೆ ಮೂಗುಬಾಯಿಗಳನ್ನು ಮುಚ್ಚುವ ಮುಖವಾಡವನ್ನು ಅದಕ್ಕೆ ಜೋಡಿಸಬೇಕು. ಒತ್ತಿದ ಕೂಡಲೆ ಒಂದೇ ದೀರ್ಘ ಉಸಿರಿನಲ್ಲಾಗಲಿ, ನಾಲ್ಕೈದು ಸಹಜ ಉಸಿರುಗಳಲ್ಲಾಗಲಿ ಒಳಗೆಳೆಯಬಹುದು. ಆದರೆ ಒಮ್ಮೆಗೆ ಒಂದೇ ಒತ್ತು. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಬೇಕು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುದಂಶ ಹುಟ್ಟಿ ಔಷಧವನ್ನು ತನ್ನ ಕಡೆಗೇ ಸೆಳೆದುಕೊಳ್ಳುತ್ತದೆ. ದವಾಖಾನೆಯಲ್ಲಿ ‘ಮಶೀನು’ ಹಾಕಿಸಿಕೊಂಡರೇ, ಅಂದರೆ ನೆಬುಲೈಸರಿನಿಂದ ಔಷಧದ ಮಂಜನ್ನು ಉಸಿರಾಡಿದರೇ, ಗುಣವೆಂದು ನಂಬಿರುವವರು ಬಹಳ. ಸಾಧಾರಣ ಆಘಾತಗಳಲ್ಲಿ ಸ್ಪೇಸರಿನ ಮೂಲಕ ತೆಗೆದುಕೊಂಡ ಪಂಪು ಅದಕ್ಕೆ ಸಮನಾದದ್ದೇ. ಶುಚಿಯಿಲ್ಲದ ಯಂತ್ರದಿಂದ ಸೋಂಕು ತಗಲುವ ಭಯವೂ ಇಲ್ಲ.

ಪುಡಿಯ ಸಾಧನಗಳ ನಿಯಮ ತದ್ವಿರುದ್ಧವಾದದ್ದು. ಅವುಗಳಲ್ಲಿ ಔಷಧವನ್ನು ನೂಕುವ ಅನಿಲವಿಲ್ಲ. ರೋಗಿಯ ಉಸಿರೇ ನೂಕಬೇಕು. ಆದ್ದರಿಂದ ಇಲ್ಲಿ ನಿಧಾನವಾಗಿ ಎಳೆಯದೆ ಮೊದಲಿನಿಂದಲೇ ರಭಸವಾಗಿ, ಆಳವಾಗಿ ಎಳೆಯಬೇಕು. ರೋಟಾಹೇಲರಿನ ಚೌಕದ ರಂಧ್ರದಲ್ಲಿ ಕ್ಯಾಪ್ಸೂಲಿನ ಪಾರದರ್ಶಕವಾದ ತುದಿಯನ್ನು ಒಳಗೆ ಮಾಡಿ ತೂರಿಸಿ, ಬುಡವನ್ನು ತಿರುಗಿಸಿ ಅದು ಇಬ್ಭಾಗವಾದ ಮೇಲೆ, ಸಾಧನದೊಳಕ್ಕೆ ಉಸಿರು ಬಿಡದೆ ಪಕ್ಕಕ್ಕೆ ಬಿಟ್ಟು, ಅನಂತರ ಎಳೆಯಬೇಕು. ಬಿಚ್ಚಿ ನೋಡಿದಾಗ ಪುಡಿ ಉಳಿದಿದ್ದರೆ ಇನ್ನೊಮ್ಮೆ. ಕ್ಯಾಪ್ಸೂಲನ್ನು ಗುಳಿಗೆಯೆಂದು ನೀರಿನೊಡನೆ ನುಂಗಿಬಿಡುವ ರೋಗಿಗಳೂ ಇದ್ದಾರೆ. ಅದರಿಂದ ಹಾನಿಯೇನೂ ಇಲ್ಲ, ಪ್ರಯೋಜನವೂ ಇಲ್ಲ. ಮುಂಬಯಿಯ ಮಳೆಗಾಲವು ಪುಡಿಯ ಪರಮಶತ್ರು: ಸೀಸೆಯನ್ನು ತೆರೆದಿಟ್ಟರೆ, ಕ್ಯಾಪ್ಸೂಲುಗಳನ್ನು ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಂಡು ಹೋದರೆ, ತೇವದಿಂದ ಪುಡಿ ಗಂಟುಕಟ್ಟಿ ಹಾರದಂತಾಗುತ್ತದೆ. ತುಂತುರಿನ ಡಬ್ಬಿಗೆ ತೇವದ ಭಯವಿಲ್ಲ, ಬಿಸಿಲಿನದುಂಟು. ಅದನ್ನು ಮುಚ್ಚಿದ ಕಾರಿನಲ್ಲಿ ಬಿಡಬಾರದು, ಖಾಲಿಯಾದ ಮೇಲೂ ಬೆಂಕಿಗೆ ಹಾಕಬಾರದು. ನೀರಿನಲ್ಲಿ ತೇಲಿಸಿ ಖಾಲಿಯೋ ಅಲ್ಲವೋ ಎಂದು ನೋಡುವ ಹಳೆಯ ಪದ್ಧತಿ ನಂಬತಕ್ಕದ್ದಲ್ಲ. ಎಣಿಕೆಯ ಕಿಟಕಿ ಇರುವ ಪಂಪನ್ನು ಕೊಳ್ಳುವುದು, ಇಲ್ಲದಿದ್ದರೆ ಆರಂಭಿಸಿದ ದಿನಾಂಕವನ್ನು ಅದರ ಮೇಲೆ ಬರೆದಿಡುವುದು ಲೇಸು.

ಕ್ರಮದ ದೋಷಕ್ಕಿಂತಲೂ ದೊಡ್ಡದಾದ ಇನ್ನೊಂದು ದೋಷವೆಂದರೆ ಪಂಪುಗಳ ಜಾತಿಯನ್ನು ಅರಿಯದಿರುವುದು. ಸಾಲ್ಬುಟಮಾಲಿನದು ಉಪಶಾಮಕ, ಬಿಗಿದ ಸ್ನಾಯುವನ್ನು ನಾಲ್ಕಾರು ಗಂಟೆ ಸಡಿಲಿಸುವುದು ಅದರ ಕೆಲಸ. ಬುಡೆಸೊನೈಡ್ ಮುಂತಾದ ಸ್ಟೀರಾಯ್ಡಿನದು ನಿರೋಧಕ. ಒಳಪೊರೆಯ ಉರಿಯೂತವನ್ನು ದಿನದಿನವೂ ಅಡಗಿಸಿಡುವುದು ಅದರ ಕೆಲಸ. ಮೊದಲನೆಯದರ ಫಲ ತತ್‌ಕ್ಷಣ ಅನುಭವಕ್ಕೆ ಬರುವುದರಿಂದ ಅದಕ್ಕೆ ಗೌರವ. ಎರಡನೆಯದರ ಫಲ ವಾರಗಳ ಮೇಲೆ, ಅದೂ ರೋಗವು ಬಾರದಿರುವ ರೂಪದಲ್ಲಿ ಬರುವುದರಿಂದ ಅದಕ್ಕೆ ಅನಾದರ. ಉಪಶಾಮಕವೊಂದನ್ನೇ ಹಿಡಿದು ವರ್ಷಗಳನ್ನು ಕಳೆಯುವುದು ಸೋರುವ ಮಾಡನ್ನು ಕಟ್ಟಿಸದೆ ಕೆಳಗೆ ಬಕೆಟ್ಟು ಇಟ್ಟುಕೊಂಡಿರುವಂಥದು. ಅಸ್ತಮಾ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗದರ್ಶಿಯಾದ ‘ಜಿನಾ’ 2019ರಲ್ಲಿ, ಪ್ರಾಪ್ತವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡುವ ಪದ್ಧತಿಯನ್ನು ಬಿಡಬೇಕೆಂದು ಸ್ಪಷ್ಟವಾಗಿ ಹೇಳಿತು. ವರ್ಷಕ್ಕೆ 200 ಒತ್ತುಗಳ ಮೂರು ಅಥವಾ ಅದಕ್ಕಿಂತ ಹೆಚ್ಚು ಡಬ್ಬಿಗಳು ಖರ್ಚಾಗುವವರಲ್ಲಿ ತೀವ್ರ ಆಘಾತಗಳೂ, ಹನ್ನೆರಡನ್ನು ಮುಟ್ಟುವವರಲ್ಲಿ ಮರಣದ ಸಂಭವವೂ ಅಧಿಕ. ಬುಡೆಸೊನೈಡನ್ನೂ, ಬೇಗ ಕೆಲಸಮಾಡಿ ಬಹುಹೊತ್ತು ನಿಲ್ಲುವ ಫಾರ್ಮೊಟೆರಾಲನ್ನೂ ಒಂದೇ ಪಂಪಿನಲ್ಲಿ ಕೂಡಿಸಿ, ಕಷ್ಟವಾದಾಗಲೂ ಅದನ್ನೇ ಬಳಸುವ ಕ್ರಮ ಈಗ ಪ್ರಶಸ್ತವಾಗಿದೆ. ರೋಗಿಯು ಉಪಶಮನವನ್ನು ಹುಡುಕಿ ಹೋದಾಗಲೆಲ್ಲ ನಿರೋಧಕವೂ ತಾನಾಗಿ ಒಳಗೆ ಸೇರುತ್ತದೆ.

ಸ್ಟೀರಾಯ್ಡ್ ಎಂಬ ಹೆಸರೇ ಅನೇಕರನ್ನು ಹೆದರಿಸುತ್ತದೆ. ಪಂಪಿನ ಪ್ರಮಾಣ ಮೈಕ್ರೊಗ್ರಾಮುಗಳಲ್ಲಿ ಇರುವುದರಿಂದ ಗುಳಿಗೆಯ ರೂಪದಲ್ಲಿ ಬಹುಕಾಲ ತಿಂದಾಗ ಬರುವ ಮುಖಬಾವು, ಮೂಳೆಸವೆತ, ಸಕ್ಕರೆಕಾಯಿಲೆಗಳ ಭಯ ಇಲ್ಲಿ ಅತ್ಯಲ್ಪ. ಗಂಟಲಲ್ಲಿ ಉಳಿದ ಔಷಧದಿಂದ ಬಾಯಲ್ಲಿ ಬಿಳಿಯ ಹುಣ್ಣು ಬರುವುದು, ಸ್ವರ ಒಡೆಯುವುದು ಉಂಟು. ಪ್ರತಿಸಲವೂ ಬಾಯಿ ಮುಕ್ಕಳಿಸಿ ಉಗಿಯುವುದರಿಂದಲೂ ಸ್ಪೇಸರ್ ಬಳಸುವುದರಿಂದಲೂ ಅದು ಬಹುಮಟ್ಟಿಗೆ ತಪ್ಪುತ್ತದೆ. ವಿಪರ್ಯಾಸವೆಂದರೆ, ಈ ಭಯದಿಂದ ಪಂಪನ್ನು ದೂರ ಮಾಡಿದವರೇ ‘ಅಡ್ಡಪರಿಣಾಮವಿಲ್ಲದ್ದು’ ಎಂದು ಮಾರುವ ಹೆಸರಿಲ್ಲದ ಪುಡಿಗಳನ್ನು ಕೊಂಡು, ಅವುಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡನ್ನೇ ನೂರುಪಟ್ಟು ನುಂಗುವುದುಂಟು. ಮೃಗಶಿರೆಯ ಪ್ರವೇಶದ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಕೊಡುವ ಮೀನಿನ ಮದ್ದಿಗಾಗಿ ಮುಂಬಯಿಯಿಂದಲೂ ಕರ್ನಾಟಕದಿಂದಲೂ ರೈಲು ಹತ್ತುವವರಿದ್ದಾರೆ. ಅವರ ಶ್ರದ್ಧೆಯನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಹೊರಡುವಾಗ ಪಂಪನ್ನು ಮನೆಯಲ್ಲಿ ಬಿಟ್ಟುಹೋಗದಿರಲೆಂದಷ್ಟೇ ಹೇಳಬಹುದು. ಪಂಪು ಕೊನೆಯ ಉಪಾಯ, ಹಿಡಿದರೆ ಬಿಡದ ಚಟ ಎಂಬ ಮಾತು ನಿರಾಧಾರ. ಅದನ್ನು ಅವಲಂಬಿಸುವಂತೆ ಮಾಡುವುದು ರೋಗವೇ ಹೊರತು ಔಷಧವಲ್ಲ. ಕನ್ಯೆ ನೋಡಲು ಬಂದವರ ಕಣ್ಣಿಗೆ ಬೀಳದಂತೆ ಪಂಪನ್ನು ಬೀರುವಿನಲ್ಲಿ ಮುಚ್ಚಿಡುವ, ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲಿ ಬಚ್ಚಲಿಗೆ ಹೋಗಿ ಸೇವಿಸುವ ಹೆಣ್ಣುಮಕ್ಕಳ ಪಾಡು ನಮ್ಮ ಸಮಾಜಕ್ಕೆ ಶೋಭೆ ತರುವಂಥದಲ್ಲ. ಗರ್ಭಿಣಿಯರು ಭಯದಿಂದ ಪಂಪನ್ನು ನಿಲ್ಲಿಸುವುದು ಇನ್ನೂ ಅಪಾಯಕರ: ತಾಯಿಯ ಉಸಿರು ಕಟ್ಟಿದರೆ ಮಗುವಿಗೂ ಪ್ರಾಣವಾಯು ಕಡಮೆಯಾಗುತ್ತದೆ.

ಕೆಲವು ಸಣ್ಣ ಜಾಗರೂಕತೆಗಳು. ರಕ್ತದೊತ್ತಡ ಮತ್ತು ಹೃದಯಕ್ಕಾಗಿ ಕೊಡುವ ಪ್ರೊಪ್ರನಲಾಲ್ ಜಾತಿಯ ಗುಳಿಗೆಗಳೂ, ಕೆಲವರಲ್ಲಿ ಆಸ್ಪಿರಿನ್ ಮತ್ತಿತರ ನೋವಿನ ಗುಳಿಗೆಗಳೂ ಉಬ್ಬಸವನ್ನು ಕೆರಳಿಸುವುದರಿಂದ, ಯಾವ ವೈದ್ಯರ ಬಳಿಗೆ ಹೋದರೂ ರೋಗವನ್ನು ಮೊದಲೇ ತಿಳಿಸಬೇಕು. ವಿರಾರ್ ಅಥವಾ ಕಲ್ಯಾಣದ ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ನಿಂತವನಿಗೆ, ಎತ್ತರದ ಹಲಗೆಯ ಮೇಲೆ ಇಟ್ಟ ಚೀಲ ಮುಂದಿನ ನಿಲ್ದಾಣದವರೆಗೆ ಕೈಗೆ ಎಟಕುವುದಿಲ್ಲ. ಉಪಶಾಮಕದ ಪಂಪು ಅಂಗಿಯ ಜೇಬಿನಲ್ಲಿಯೇ ಇರಬೇಕು. ಮಗುವಿಗೆ ಅಸ್ತಮಾ ಇದ್ದರೆ ಒಂದು ಪಂಪೂ ಸ್ಪೇಸರೂ ಶಾಲೆಯಲ್ಲಿ, ಬೀಗ ಹಾಕದ ಜಾಗದಲ್ಲಿ ಇರಬೇಕು.

ತೀವ್ರವಾದ ಆಘಾತದಲ್ಲಿ ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಸಾಲ್ಬುಟಮಾಲನ್ನು ಸ್ಪೇಸರಿನ ಮೂಲಕ ಒಂದೊಂದೇ ಒತ್ತಾಗಿ, ಪ್ರತಿಯೊಂದಕ್ಕೂ ನಾಲ್ಕು ಉಸಿರು ಕೊಟ್ಟು, ನಾಲ್ಕು ಸಲ ಕೊಡಬೇಕು. ನಾಲ್ಕೈದು ನಿಮಿಷಗಳಲ್ಲಿ ಉಪಶಮನ ಕಾಣದಿದ್ದರೆ ಮತ್ತೆ ಅಷ್ಟೇ ಕೊಡುತ್ತ ಆಸ್ಪತ್ರೆಗೆ ಹೊರಡಬೇಕು, ಅಥವಾ 108ಕ್ಕೆ ಕರೆಮಾಡಬೇಕು. ಮಾತನ್ನು ಪೂರ್ತಿ ಮಾಡಲಾಗದಿರುವುದು, ತುಟಿ ಉಗುರುಗಳು ನೀಲಿಯಾಗುವುದು, ಮಂಪರು ಕವಿಯುವುದು ಇವುಗಳಲ್ಲಿ ಒಂದು ಕಂಡರೂ ಉಪಶಮನಕ್ಕಾಗಿ ಕಾಯದೆ ಹೊರಡತಕ್ಕದ್ದು. ಕುಯ್ ಕುಯ್ ಎನ್ನುತ್ತಿದ್ದ ಎದೆ ಸದ್ದಡಗಿದರೆ ಗುಣವಾಯಿತೆಂದು ಭ್ರಮಿಸಬಾರದು. ಗಾಳಿಯ ಸಂಚಾರವೇ ನಿಂತುಹೋಗುತ್ತಿರುವುದರ ಚಿಹ್ನೆ ಅದಾಗಿರಬಹುದು. ಜೊತೆಗೆ ಹೋಗುವವರು ರೋಗಿಯ ಪಂಪುಗಳನ್ನೆಲ್ಲ ಕೈಯಲ್ಲಿ ಹಿಡಿದು, ಯಾವುದನ್ನು, ಎಷ್ಟು ಒತ್ತು, ಎಷ್ಟು ಗಂಟೆಗೆ ಕೊಟ್ಟೆವೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ, ಅಪಘಾತ ವಿಭಾಗದ ವೈದ್ಯರಿಗೆ ಮೊದಲ ಹತ್ತು ನಿಮಿಷಗಳ ಪ್ರಶ್ನೆಗಳ ಶ್ರಮ ತಪ್ಪುತ್ತದೆ.